ನಾಲ್ಕು ಮಿಲಿಮೀಟರ್

ಜುಲೈ 6, ಭಾನುವಾರ

ಅಪ್ಪಾ,

ಇದು ಭಾನುವಾರದ ಪತ್ರ. ಇಲ್ಲಿ "ಮನೆಗೆ ಬರೆದಿರಾ?" ಎಂದು ಯಾರೂ ಬೆತ್ತ ಹಿಡಿದು ನಿಲ್ಲುವುದಿಲ್ಲ. ಆದರೂ ಹತ್ತು ವರ್ಷ ಹಾಸ್ಟೆಲ್ ಸ್ಕೂಲಿನಲ್ಲಿ ಬರೆದು ಬರೆದು, ಭಾನುವಾರ ತಿಂಡಿಯಾದ ಮೇಲೆ ಕೈ ತಾನಾಗಿ ಪೆನ್ನು ಹುಡುಕುತ್ತದೆ. ಫೋನ್ ಮಾಡೋಣವೆಂದರೆ ಮರ ಕೊಯ್ಯುವ ಮೆಷಿನ್ನು ನಿಮ್ಮ ಕಿವಿ ತಿಂದು ಹಾಕಿದೆ. "ಹ್ಞಾಂ ಹ್ಞಾಂ" ಎಂದು ಅಮ್ಮನ ಕೈಗೆ ದಾಟಿಸುತ್ತೀರಿ. ಕಾಗದವೇ ವಾಸಿ.

ವಿಷಯ ಏನೆಂದರೆ, ನಾನು ಒಂದು ಕಂಪ್ಯೂಟರ್ ಜೋಡಿಸಬೇಕೆಂದಿದ್ದೇನೆ. ಗೇಮ್ ಆಡುವುದಕ್ಕೆ. ಓದುವುದಕ್ಕೆ ಎಂದು ಬರೆದಿದ್ದರೂ ನೀವು ನಂಬುತ್ತಿದ್ದಿರಿ. ಆದರೆ ನಿಜವಾಗಿ ಗೇಮಿಗೇ. ಕಾಲೇಜಿನಲ್ಲಿ ಒಂದು ಕ್ಲಬ್ ಇದೆ, ಐದು ಜನರ ಟೀಮು. ಕ್ಲಾಸಿನಲ್ಲಿ ಎದ್ದು ನಿಂತರೆ ನನ್ನ ನಾಲಿಗೆ ಒಣಗುತ್ತದೆ. ಮೆಸ್ಸಿನಲ್ಲಿ ಯಾರ ಪಕ್ಕ ಕೂರಲಿ ಎಂದು ತಟ್ಟೆ ಹಿಡಿದು ಎರಡು ಸುತ್ತು ಹಾಕಿ, ಕೊನೆಗೆ ಕೈತೊಳೆಯುವ ಜಾಗದ ಪಕ್ಕ ಕೂರುತ್ತೇನೆ. ಹೆಡ್‌ಫೋನ್ ಹಾಕಿ ಆಟಕ್ಕೆ ಇಳಿದರೆ ಮಾತ್ರ "ಎಡಕ್ಕೆ, ಎಡಕ್ಕೆ, ಹಿಂದೆ ಬಾ" ಎಂದು ಎಲ್ಲರಿಗೂ ನಾನೇ ಹೇಳುತ್ತಿರುತ್ತೇನೆ. ಟ್ರಯಲ್ ದಿನ ಕ್ಯಾಪ್ಟನ್ ಹುಡುಗಿ, "ಯಾರೇ ನೀನು, ಇಷ್ಟು ದಿನ ಎಲ್ಲಿ ಅಡಗಿದ್ದೆ?" ಅಂದಳು. ಸ್ವಂತ ಮೆಷಿನ್ ಇದ್ದರೆ ಸೇರಿಸಿಕೊಳ್ಳುತ್ತಾಳಂತೆ.

ರಜೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ದುಡ್ಡಿನಲ್ಲೇ ಎಲ್ಲ ಆಗಬೇಕು. ಮೂರು ವಾರದಿಂದ ಲಿಸ್ಟ್ ಬರೆಯುತ್ತೇನೆ, ಹರಿಯುತ್ತೇನೆ. ಒಂದು ಪಾರ್ಟ್ ಬದಲಾಯಿಸಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ. ಅಗ್ಗದ ಪ್ರೊಸೆಸರ್ ಸಿಕ್ಕಿತು ಎಂದರೆ ಅದರ ಕಾಲುಗಳು ನಾನು ಆರಿಸಿದ ಮದರ್‌ಬೋರ್ಡಿನ ತೂತಿಗೆ ಹೊಂದುವುದಿಲ್ಲ. ಬೋರ್ಡ್ ಬದಲಾಯಿಸಿದರೆ ರ‍್ಯಾಮ್ ಕೂರುವುದಿಲ್ಲ. ಹಳೆಯ ರ‍್ಯಾಮಿಗೂ ಹೊಸದಕ್ಕೂ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಕೊನೆಗೆ ಒಂದು ತಲೆಮಾರು ಹಿಂದಿನ ಪ್ರೊಸೆಸರ್, ಅದಕ್ಕೆ ತಕ್ಕ ಬೋರ್ಡ್, ಎರಡು ಕಡ್ಡಿ ರ‍್ಯಾಮ್, ಇಷ್ಟು ಕಂಪ್ಯಾಟಿಬಲ್ ಆದವು. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿತು. ಮೂರು ಫ್ಯಾನಿನದು, ಒಳ್ಳೆಯದು, ಆದರೆ ಒಂದಡಿ ಉದ್ದ. ಇದೆಲ್ಲವನ್ನೂ ಕೂರಿಸುವ ಪೆಟ್ಟಿಗೆಗೆ ಕೇಸ್ ಅನ್ನುತ್ತಾರೆ, ನನ್ನ ಬಜೆಟ್ಟಿನ ಯಾವ ಕೇಸಿನಲ್ಲೂ ಅದು ಹಿಡಿಯುವುದಿಲ್ಲ. ಹಿಡಿಯುವಂಥ ಕೇಸ್ ಕೊಂಡರೆ ಒಳಗೆ ಇಡಲು ಏನೂ ಉಳಿಯುವುದಿಲ್ಲ.

ಇಷ್ಟೇ ನನ್ನ ಗೋಳು. ಅಮ್ಮನಿಗೆ ಮೆಲ್ಲಗೆ ಹೇಳಿ.

ನಿಮ್ಮ
ಅರ್ಧಂಗುಲ


ಜುಲೈ 12

ಅರ್ಧಂಗುಲಾ,

ಕಾಗದ ಬಂತು. "ಓದೋಕೆ ಕಳ್ಸಿದ್ರೆ ಆಟವಂತೆ ಆಟ!" ಅಂದಳು ನಿಮ್ಮಮ್ಮ. ನಾನು ಕೇಳಿಸದವನ ಹಾಗೆ ಉಳಿ ಮಸೆಯುತ್ತಾ ಕೂತೆ. ಕಿವಿ ಹೋದದ್ದು ಒಮ್ಮೊಮ್ಮೆ ಅನುಕೂಲ.

ನಿನ್ನ ಲಿಸ್ಟ್ ಅರ್ಥವಾಗಲಿಲ್ಲ, ಕಷ್ಟ ಅರ್ಥವಾಯಿತು. ಗೂಟ ಕೆತ್ತಿ ಆಮೇಲೆ ತೂತು ಹುಡುಕಬೇಡ ಅಂತ ನಮ್ಮ ಕೆಲಸದಲ್ಲಿ ಹೇಳುವುದು ಇದಕ್ಕೇ. ಪೆಟ್ಟಿಗೆಗೆ ಅಷ್ಟು ದುಡ್ಡು ಸುರಿಯುವವಳ ಅಪ್ಪ ಬಡಗಿ ಅಂತ ಯಾರ ಹತ್ತಿರವೂ ಬಾಯಿಬಿಡಬೇಡ, ನಗುತ್ತಾರೆ. ನಾನು ಮಾಡಿಕೊಡುತ್ತೇನೆ.

ಇದರ ಜೊತೆ ಒಂದು ತೆಳ್ಳನೆ ಮರದ ಪಟ್ಟಿ ಕಳಿಸಿದ್ದೇನೆ. ಟೇಪ್ ಹಿಡಿದು ನಂಬರ್ ಬರೆದು ಕಳಿಸಬೇಡ. ಟೇಪಿಗೂ ಟೇಪಿಗೂ ಫರಕು, ಓದುವ ಕಣ್ಣಿಗೂ ಫರಕು. ಕಾರ್ಡನ್ನು ಪಟ್ಟಿಯ ಮೈಗೆ ತಾಗಿಸಿ ಇಟ್ಟು, ಎರಡೂ ತುದಿಗೆ ಚಾಕುವಿನಲ್ಲಿ ಗೆರೆ ಹಾಕು. ಪೆನ್ಸಿಲ್ ಬೇಡ, ಅದರ ಗೆರೆಗೂ ಒಂದು ದಪ್ಪ ಇರುತ್ತದೆ. ಬೋರ್ಡನ್ನು ಪೇಪರಿನ ಮೇಲಿಟ್ಟು ಸ್ಕ್ರೂ ತೂತುಗಳನ್ನು ಸೂಜಿಯಲ್ಲಿ ಚುಚ್ಚಿ ಕಳಿಸು. ಗಾಳಿ ಎಲ್ಲಿಂದ ಒಳಗೆ ಬರಬೇಕು, ಎಲ್ಲಿಂದ ಹೋಗಬೇಕು, ಅದನ್ನೂ ಬರಿ.

ಮೂವತ್ತೊಂದು ವರ್ಷದಲ್ಲಿ ನಾನು ಮಾಡಿದ ಒಂದು ಬಾಗಿಲೂ ಅಳತೆ ತಪ್ಪಿ ವಾಪಸ್ ಬಂದಿಲ್ಲ. ಮಗಳ ಪೆಟ್ಟಿಗೆ ಬಂದೀತೇ?

ಅಪ್ಪ


ಜುಲೈ 27, ಭಾನುವಾರ

ಅಪ್ಪಾ,

ಪಟ್ಟಿ ಕಳಿಸಿದ್ದೇನೆ. ಗೆರೆ ಹಾಕುವಾಗ ಚಾಕು ಜಾರಿ ಬೆರಳಿಗೂ ಒಂದು ಗೆರೆ ಬಿತ್ತು. ಕಂದು ಬಣ್ಣದ ಚುಕ್ಕೆ ಕಂಡರೆ ಅದು ವಾರ್ನಿಷ್ ಅಲ್ಲ, ನಿಮ್ಮ ಮಗಳು.

ತಣ್ಣನೆ ಗಾಳಿ ಮುಂದೆ ಕೆಳಗಿನಿಂದ ಒಳಗೆ ಬರಬೇಕು, ಬಿಸಿ ಗಾಳಿ ಹಿಂದೆ ಮೇಲಿನಿಂದ ಹೋಗಬೇಕು. ಕಾರ್ಡಿನ ತುದಿಗೂ ಗೋಡೆಗೂ ನಡುವೆ ಒಂದು ಉಗುರು ಹೋಗುವಷ್ಟು ಜಾಗ ಸಾಕು.

ಪಾರ್ಟುಗಳೆಲ್ಲ ಮಂಚದ ಕೆಳಗೆ ಡಬ್ಬಿಗಳಲ್ಲಿ ಕಾಯುತ್ತಿವೆ. ದಿನಕ್ಕೆ ಎರಡು ಸಲ ತೆಗೆದು ನೋಡಿ ಮುಚ್ಚಿಡುತ್ತೇನೆ. ರೂಮ್‌ಮೇಟ್, "ಮೊಟ್ಟೆಗೆ ಕಾವು ಕೊಡ್ತಿದೀಯೇನೇ?" ಅನ್ನುತ್ತಾಳೆ.

ನಿಮ್ಮ
ಅರ್ಧಂಗುಲ


ಆಗಸ್ಟ್ 18

ಅರ್ಧಂಗುಲಾ,

ಪೆಟ್ಟಿಗೆ ಲಾರಿ ಆಫೀಸಿಗೆ ಹಾಕಿದ್ದೇನೆ. ಬುಧವಾರ ಸಿಗುತ್ತದಂತೆ.

ಒಂದು ಹಳೇ ಮನೆ ಕೆಡವಿದಾಗ ಸಿಕ್ಕ ತೇಗದ ಹಲಗೆ ಇತ್ತು, ಎಂಟು ವರ್ಷದಿಂದ ಅಟ್ಟದ ಮೇಲೆ ಇಟ್ಟಿದ್ದೆ. ಯಾವುದಕ್ಕೆ ಅಂತ ಗೊತ್ತಿರಲಿಲ್ಲ. ಮೂಲೆಗಳಿಗೆ ಒಂದೂ ಮೊಳೆ ಹೊಡೆದಿಲ್ಲ, ಹಲ್ಲಿಗೆ ಹಲ್ಲು ಕಚ್ಚಿಸಿದ್ದೇನೆ. ಗಾಳಿಗೆ ನೂರಾ ಹನ್ನೆರಡು ತೂತು. ಒಂದೊಂದನ್ನೂ ಉಪ್ಪುಕಾಗದ ಸುತ್ತಿದ ಕಡ್ಡಿಯಲ್ಲಿ ನುಣ್ಣಗೆ ಉಜ್ಜಿದ್ದೇನೆ. ನಿಮ್ಮಮ್ಮ, "ಗಿರಾಕಿ ಕೆಲ್ಸ ಬಿಟ್ಟು ಹದಿನೈದು ದಿನದಿಂದ ಅದೇನ್ ಆಡ್ತಿದೀರಾ?" ಅಂದಳು. "ನಾನೂ ಗೇಮೇ ಆಡ್ತಿದೀನಿ" ಅಂದೆ.

ಕೂರಿಸಿ ನೋಡಿ ಬರಿ.

ಅಪ್ಪ


ಆಗಸ್ಟ್ 24, ಭಾನುವಾರ
(ಕಳಿಸದೆ ಉಳಿದದ್ದು)

ಅಪ್ಪಾ,

ಪೆಟ್ಟಿಗೆ ಬಂತು. ಮುಚ್ಚಳ ತೆಗೆದಾಗ ನಿಮ್ಮ ವರ್ಕ್‌ಶಾಪಿನ ವಾಸನೆ ಬಂತು. ಬೋರ್ಡ್ ಇಟ್ಟೆ. ಸ್ಕ್ರೂ ತೂತು ಒಂದೂ ಆಚೀಚೆ ಇಲ್ಲ. ಕಾರ್ಡ್ ಇಟ್ಟೆ, ನೆಮ್ಮದಿಯಾಗಿ ಹೋಗಿ ಕೂತಿತು. ತುದಿಯಲ್ಲಿ ಬೆರಳು ತೂರಿಸಿದೆ. ಉಗುರು ಹೋಯಿತು, ಬೆರಳು ಹೋಗಲಿಲ್ಲ.

ಅಷ್ಟರಲ್ಲಿ ಕ್ಯಾಪ್ಟನ್ ಇನ್ನಿಬ್ಬರನ್ನು ಕರೆದುಕೊಂಡು ರೂಮಿಗೆ ಬಂದಳು.

"ಇದೇನೇ, ಜೇನು ಸಾಕ್ತಿದೀಯಾ?"

"ಏ, ಸ್ವಿಚ್ ಹಾಕಿದ್ರೆ ಹಳೇ ರೇಡಿಯೋ ಥರ ಹಾಡುತ್ತೇನೋ ಕಣೇ!"

"ನಮ್ಮಜ್ಜಿ ಹತ್ರ ಇಂಥದ್ದೊಂದಿತ್ತು, ಹಳೇ ಬಟ್ಟೆ ಹಾಕಿಡ್ತಿದ್ರು. ಯಾರೇ ಮಾಡಿಕೊಟ್ಟಿದ್ದು?"

ಅಪ್ಪಾ, ನಾನು ಏನಂದೆ ಗೊತ್ತೇ? "ಯಾವನೋ ಅಂಗಡಿಯವನು ಮೋಸ ಮಾಡಿ ಕಟ್ಟಿಬಿಟ್ಟ" ಅಂದೆ. ಅವರ ಜೊತೆ ಸೇರಿ ನಕ್ಕೆ ಕೂಡ. ಅವರ ಕೇಸುಗಳೆಲ್ಲ ಗಾಜಿನವು, ಒಳಗೆ ಬಣ್ಣ ಬಣ್ಣದ ದೀಪ. ಮಾರನೇ ದಿನ ಒಂದು ಕಡ್ಡಿ ರ‍್ಯಾಮ್ ಮಾರಿ, ಇದ್ದಬದ್ದ ದುಡ್ಡನ್ನೆಲ್ಲ ಸೇರಿಸಿ ಗಾಜಿನ ಕೇಸ್ ತಂದೆ. ಈಗ ಎಲ್ಲ ಅದರೊಳಗೆ ಇದೆ. ಇದನ್ನು ನಿಮಗೆ ಹೇಗೆ


ಆಗಸ್ಟ್ 24, ಭಾನುವಾರ

ಅಪ್ಪಾ,

ಪೆಟ್ಟಿಗೆ ತಲುಪಿತು. ತುಂಬಾ ಚೆನ್ನಾಗಿದೆ. ಥ್ಯಾಂಕ್ಸ್.

ಒಂದೇ ಒಂದು ಸಣ್ಣ ಪ್ರಾಬ್ಲಮ್. ಕಾರ್ಡ್ ಕೂರಲಿಲ್ಲ, ನಾಲ್ಕು ಮಿಲಿಮೀಟರ್ ಕಮ್ಮಿ ಬಿತ್ತು. ಟೀಮಿನವರಿಗೆ ಅರ್ಜೆಂಟ್ ಇದ್ದುದರಿಂದ ಸದ್ಯಕ್ಕೆ ಒಂದು ಕೇಸ್ ಕೊಂಡಿದ್ದೇನೆ. ನೀವು ತಲೆ ಕೆಡಿಸಿಕೊಳ್ಳಬೇಡಿ. ಇಂಥದ್ದೆಲ್ಲ ಆಗುತ್ತಿರುತ್ತದೆ.

ನಿಮ್ಮ
ಅರ್ಧಂಗುಲ


ಸೆಪ್ಟೆಂಬರ್ 2

ಅರ್ಧಂಗುಲಾ,

ನಾಲ್ಕು ಮಿಲಿಮೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಒಂದು ನೂಲಿಗೂ ಮೇಲೆ. ಇಂಚಿನಲ್ಲಿ ಎಂಟು ಭಾಗ ಮಾಡಿದರೆ ಒಂದು ಭಾಗ ಒಂದು ನೂಲು. ಅಷ್ಟು ತಪ್ಪುವುದೆಂದರೆ ಸಣ್ಣದಲ್ಲ.

ಪಟ್ಟಿ ತೆಗೆದು ಬೆಳಕಿಗೆ ಹಿಡಿದು ನೋಡಿದೆ. ನಿನ್ನ ಗೆರೆ ಎರಡೂ ಚೊಕ್ಕವಾಗಿವೆ. ಹಾಗಾದರೆ ತಪ್ಪು ನನ್ನದೇ. ಕೊಯ್ಯುವಾಗ ತಪ್ಪಿದೆನೋ, ಹಲ್ಲು ಕಚ್ಚಿಸುವಾಗ ತಪ್ಪಿದೆನೋ ಗೊತ್ತಾಗುತ್ತಿಲ್ಲ. ಮಾಡುವಾಗ ಒಂದು ಚೂರೂ ಅನುಮಾನ ಬಂದಿರಲಿಲ್ಲ, ಅದೇ ನನಗೆ ಯೋಚನೆ.

ಪೆಟ್ಟಿಗೆ ವಾಪಸ್ ಕಳಿಸು. ಲಾರಿ ಬಾಡಿಗೆ ನಾನು ಕೊಡುತ್ತೇನೆ. ತಪ್ಪು ಎಲ್ಲಿ ಅಂತ ಕಣ್ಣಾರೆ ಕಾಣದೆ ಮುಂದಿನ ಕೆಲಸಕ್ಕೆ ಕೈ ಹಾಕುವುದು ಹೇಗೆ?

ಕೊಂಡ ಕೇಸಿನಲ್ಲಿ ಗಾಳಿ ಸರಿಯಾಗಿ ಆಡುತ್ತದೆಯೇ, ಬರಿ.

ಅಪ್ಪ


ಸೆಪ್ಟೆಂಬರ್ 14, ಭಾನುವಾರ

ಅಪ್ಪಾ,

ಪೆಟ್ಟಿಗೆ ಇಲ್ಲೇ ಇರಲಿ, ಪುಸ್ತಕ ಇಟ್ಟುಕೊಂಡಿದ್ದೇನೆ. ರಜೆಗೆ ಬರುವಾಗ ತರುತ್ತೇನೆ. ಬರೀ ನಾಲ್ಕು ಮಿಲಿಮೀಟರ್ ತಾನೇ, ಬಿಡಿ ಅಪ್ಪಾ. ಟೆಸ್ಟ್ ಇದೆ, ಜಾಸ್ತಿ ಬರೆಯಲು ಟೈಮಿಲ್ಲ.

ಗಾಳಿ ಚೆನ್ನಾಗಿ ಆಡುತ್ತದೆ.

ನಿಮ್ಮ
ಅರ್ಧಂಗುಲ


ಅಕ್ಟೋಬರ್ 7

ಮಗಳೇ,

ನಾನು ಬರೆದೆ ಅಂತ ನಿಮ್ಮಪ್ಪನಿಗೆ ಗೊತ್ತಾಗುವುದು ಬೇಡ. "ಮಗು ಓದ್ಕೊಳ್ಳಲಿ, ಅವಳ ತಲೇಗೆ ಯಾಕೆ ತುಂಬ್ತೀಯಾ" ಅಂತಾರೆ. ಅವರ ತಲೆಯಲ್ಲಿ ಏನು ತುಂಬಿದೆಯೋ ಅದನ್ನು ಯಾರು ಖಾಲಿ ಮಾಡಬೇಕು?

ಹಲ್ಲಿನ ಡಾಕ್ಟರಮ್ಮ ಹೊಸ ಮನೆ ಕಟ್ಟಿಸುತ್ತಿದ್ದಾರಲ್ಲ, ಅಲ್ಲಿಯ ತಿರುವು ಮೆಟ್ಟಿಲು ಇವರೇ ಮಾಡಬೇಕು ಅಂತ ವರ್ಷದಿಂದ ಹೇಳಿಟ್ಟಿದ್ದರು. ಪೂರಾ ಮರದ್ದು. ಇವರೂ ರದ್ದಿ ಕಾಗದದ ಮೇಲೆಲ್ಲ ಅದೇ ಚಿತ್ರ ಬರೆದುಕೊಂಡು ಓಡಾಡುತ್ತಿದ್ದರು. ಹೋದ ತಿಂಗಳು ಹೋಗಿ, "ನನ್ನಿಂದಾಗಲ್ಲ, ಬೇರೆಯವರನ್ನ ನೋಡ್ಕೊಳ್ಳಿ ಅಮ್ಮಾ" ಅಂತ ಹೇಳಿ ಬಂದಿದ್ದಾರೆ. ಯಾಕೆ ಅಂದರೆ, "ಪೆಟ್ಟಿಗೇಲೇ ಅಳತೆ ತಪ್ಪಿದೋನು ಮೆಟ್ಟಿಲು ಮಾಡಿ ಯಾರ ಕಾಲು ಮುರೀಲಿ?" ಅಂತಾರೆ.

ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣು ಚೆನ್ನಾಗೇ ಇದೆಯಂತೆ. ಖುಷಿಪಡುತ್ತಾರೆ ಅಂದುಕೊಂಡರೆ ಇನ್ನೂ ಇಳಿದುಹೋದರು. "ಕಣ್ಣಲ್ಲ ಅಂದ್ರೆ ಕೈಯೇ. ಕೈಗೆ ಕನ್ನಡಕ ಹಾಕೋಕಾಗುತ್ತಾ?" ಅಂತಾರೆ. ಒಂದು ಕಿಟಕಿ ಚೌಕಟ್ಟಿಗೆ ಆರು ಸಲ ಅಳೆಯುತ್ತಾರೆ. ಆಮೇಲೆ ನನ್ನನ್ನು ಕೂಗಿ, "ನೀನೊಂದ್ಸಲ ನೋಡೇ" ಅಂತಾರೆ. ನನಗೇನು ಗೊತ್ತು ಮಗಳೇ, ನಾನು ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳು.

ಆ ಹಾಳು ಪೆಟ್ಟಿಗೆಯನ್ನು ಒಂದು ಸಲ ಕಳಿಸಿಬಿಡು. ನೋಡಿ ಸಮಾಧಾನ ಮಾಡಿಕೊಳ್ಳಲಿ.

ಅಮ್ಮ


ಅಕ್ಟೋಬರ್ 12, ಭಾನುವಾರ

ಅಪ್ಪಾ,

ಈ ಪತ್ರವನ್ನು ಕೂತು ಓದಿ.

ನಿಮ್ಮ ಅಳತೆ ತಪ್ಪಿರಲಿಲ್ಲ. ಕಾರ್ಡ್ ಕೂತಿತ್ತು. ನಾನೇ ಕೂರಿಸಿ ನೋಡಿದ್ದೆ. ಎಲ್ಲ ಸರಿಯಾಗಿತ್ತು, ಒಂದು ಸ್ಕ್ರೂ ಕೂಡ ಒತ್ತಿ ತಿರುಗಿಸಬೇಕಾಗಲಿಲ್ಲ. ನಾಲ್ಕು ಮಿಲಿಮೀಟರ್ ಎನ್ನುವುದು ನಾನು ಕಟ್ಟಿದ ಮಾತು. ಒಂದು ಇಂಚು ಎಂದರೆ ನೀವು ನಂಬುವುದಿಲ್ಲ, ಒಂದು ಮಿಲಿಮೀಟರ್ ಎಂದರೆ ಉಜ್ಜಿ ಸರಿಮಾಡು ಅನ್ನುತ್ತೀರಿ ಎಂದು ಯೋಚಿಸಿ, ನಾಲ್ಕು ಎಂದು ಆರಿಸಿದೆ. ಪಾರ್ಟ್ ಆರಿಸುವ ಹಾಗೆ ಸುಳ್ಳನ್ನೂ ಅಳೆದು ಆರಿಸಿದೆ.

ಮೂವರು ಹುಡುಗಿಯರು ನಕ್ಕರು. ಅಷ್ಟೇ ಕಾರಣ. ಐದು ನಿಮಿಷ ನಕ್ಕಿರಬಹುದು. ಮಾಡಿದ್ದು ನಮ್ಮಪ್ಪ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಯಾವನೋ ಅಂಗಡಿಯವನು ಅಂದೆ.

ತಮಾಷೆ ಏನೆಂದರೆ, ಆಡುವಾಗ ಎಲ್ಲರೂ ಅವರವರ ರೂಮಿನಲ್ಲೇ ಇರುತ್ತಾರೆ. ಯಾರ ಕೇಸು ಗಾಜಿನದು, ಯಾರದು ಮರದ್ದು ಎಂದು ಯಾರಿಗೂ ಕಾಣುವುದಿಲ್ಲ. ಗಾಜಿನ ಕೇಸ್ ತಂದ ಮೇಲೆ ಯಾರೂ ನನ್ನ ರೂಮಿಗೇ ಬಂದಿಲ್ಲ. ಒಂದು ಕಡ್ಡಿ ರ‍್ಯಾಮ್ ಮಾರಿದ್ದರಿಂದ ಆಟದ ನಡುವೆ ಮೆಷಿನ್ ತಡವರಿಸುತ್ತದೆ. "ಎಡಕ್ಕೆ" ಎಂದು ನಾನು ಹೇಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಟೀಮಿನಲ್ಲಿ ಈಗ ನನ್ನನ್ನು ಎಕ್ಸ್‌ಟ್ರಾ ಎಂದು ಇಟ್ಟಿದ್ದಾರೆ. ಅದು ನನಗೆ ಸರಿಯಾಗಿಯೇ ಆಯಿತು.

ಡಾಕ್ಟರಮ್ಮನ ಮೆಟ್ಟಿಲು ಬಿಡಬೇಡಿ. ಇವತ್ತೇ ಹೋಗಿ ಹೇಳಿ. ನಿಮ್ಮ ಕೈ ಸರಿಯಾಗಿದೆ ಅಪ್ಪಾ. ಕೆಟ್ಟಿದ್ದು ನನ್ನ ಬಾಯಿ.

ಸಾರಿ ಎಂದು ಬರೆಯಲು ಹೋದೆ. ಕಾಲು ತುಳಿದರೂ ಸಾರಿ, ಇದಕ್ಕೂ ಸಾರಿ. ಬೇರೆ ಮಾತು ನನಗೆ ಹೊಳೆಯುತ್ತಿಲ್ಲ.

ಅರ್ಧಂಗುಲ


ಅಕ್ಟೋಬರ್ 21

ಅರ್ಧಂಗುಲಾ,

ನಿನ್ನ ಕಾಗದ ಓದಿ ಕಣ್ಣಲ್ಲಿ ನೀರು ಬಂತು.

ನಿಮ್ಮಮ್ಮ ನಿನಗೆ ಗುಟ್ಟಾಗಿ ಬರೆದಿದ್ದಾಳೆ ಅಂತ ಮೆಟ್ಟಿಲಿನ ಮಾತು ಓದಿದ ಕೂಡಲೇ ಗೊತ್ತಾಯಿತು. ನಾನು ಅವಳಿಗೆ ಬಯ್ಯಲಿಲ್ಲ. ಅಪ್ಪನ ಮನಸ್ಸು ನೋಯಬಾರದು ಅಂತ ತಪ್ಪನ್ನೆಲ್ಲ ನಿನ್ನ ತಲೆ ಮೇಲೆ ಹೊತ್ತುಕೊಂಡು ಇಷ್ಟು ದೊಡ್ಡ ಕತೆ ಕಟ್ಟಿದ್ದೀಯ. ಬೇಡ ಮಗಳೇ. ನಿನ್ನನ್ನು ನನಗೆ ಗೊತ್ತಿಲ್ಲವೇ? ಗೇಮ್ ಆಡುವುದಕ್ಕೆ ಕಂಪ್ಯೂಟರ್ ಬೇಕು ಅಂತ ಅಪ್ಪನಿಗೆ ನೇರವಾಗಿ ಬರೆಯುವ ಹುಡುಗಿ ನಾಲ್ಕು ಮಿಲಿಮೀಟರಿಗೆ ಸುಳ್ಳು ಹೇಳುತ್ತಾಳೆಯೇ? ಆಗ ಹೇಳಿದ್ದು ನಿಜ, ಈಗ ಹೇಳುತ್ತಿರುವುದು ಪ್ರೀತಿ. ಅಷ್ಟು ತಿಳಿಯುತ್ತದೆ ನನಗೆ.

ಕಾಗದವನ್ನು ವರ್ಕ್‌ಶಾಪಿನಲ್ಲೇ ಇಟ್ಟುಕೊಂಡಿದ್ದೇನೆ. ಪಕ್ಕದ ಬೀಗ ರಿಪೇರಿ ಅಂಗಡಿಯವನಿಗೆ ಓದಿ ಹೇಳಿದೆ. "ಇಂಥಾ ಮಗಳು ಯಾರಿಗೆ ಸಿಗ್ತಾಳೆ ಮೇಸ್ತ್ರಿ" ಅಂದ. ಹಾಸ್ಟೆಲಿನಲ್ಲಿ ಬೆಳೆದ ಮಗು, ನಮಗೆ ಎಷ್ಟು ಹತ್ತಿರ ಇರುತ್ತಾಳೋ ಅಂತ ಒಂದು ಹೆದರಿಕೆ ಇತ್ತು ನನಗೆ. ಅದು ಹೋಯಿತು.

ಪೆಟ್ಟಿಗೆಯ ವಿಷಯ ಇನ್ನು ಎತ್ತುವುದು ಬೇಡ.

ಅಪ್ಪ


ನವೆಂಬರ್ 2, ಭಾನುವಾರ

ಅಪ್ಪಾ,

ಅದು ಪ್ರೀತಿಯಲ್ಲ. ನಿಜ. ದಯವಿಟ್ಟು ಆ ಕಾಗದವನ್ನು ಯಾರಿಗೂ ಓದಿ ಹೇಳಬೇಡಿ.

ಪೆಟ್ಟಿಗೆಯಲ್ಲಿ ಕಾರ್ಡ್ ಇಟ್ಟು ಫೋಟೋ ತೆಗೆದು ಕಳಿಸೋಣ, ಆಗ ನಂಬುತ್ತೀರಿ ಎಂದುಕೊಂಡೆ. ಆದರೆ ಪೆಟ್ಟಿಗೆ ನನ್ನ ಹತ್ತಿರ ಇಲ್ಲ. ಪುಸ್ತಕ ಇಟ್ಟಿದ್ದೇನೆ ಎಂದದ್ದೂ ಸುಳ್ಳು. ಗಾಜಿನ ಕೇಸ್ ಬಂದ ವಾರವೇ, ಅದು ಕಣ್ಣಿಗೆ ಬೀಳಬಾರದೆಂದು ಹಾಸ್ಟೆಲ್ ಗೇಟು ಕಾಯುವ ಆಂಟಿಗೆ ಕೊಟ್ಟುಬಿಟ್ಟಿದ್ದೆ. ಮೊನ್ನೆ ಹೋಗಿ ಕೇಳಿದೆ. "ಅಯ್ಯೋ, ಎಂಥಾ ಗಟ್ಟಿ ಮರ ಅಮ್ಮಾ! ಬಿಚ್ಚೋಕೇ ಬರ್ಲಿಲ್ಲ, ನಮ್ಮ ಯಜಮಾನ್ರು ಗರಗಸ ಹಾಕಿ ಕೊಯ್ದ್ರು" ಅಂದರು. ಗೇಟಿನ ಕೋಣೆಯಲ್ಲಿ ಎರಡು ಹಲಗೆ ಗೋಡೆಗೆ ಹೊಡೆದಿದ್ದಾರೆ, ಮೇಲೆ ರಿಜಿಸ್ಟರುಗಳಿವೆ. ನೂರಾ ಹನ್ನೆರಡು ತೂತಿನ ಹಲಗೆ ಬಚ್ಚಲಿನಲ್ಲಿ ಕಾಲಡಿಗೆ ಇದೆ, ನೀರು ನಿಲ್ಲುವುದಿಲ್ಲವಂತೆ.

ನಂಬಿಸಲು ನನ್ನ ಹತ್ತಿರ ಏನೂ ಉಳಿದಿಲ್ಲ. ಬರೀ ಮಾತಿದೆ.

ಮಗಳು


ನವೆಂಬರ್ 17

ಅರ್ಧಂಗುಲಾ,

ಪೆಟ್ಟಿಗೆ ನಾಲ್ಕು ಜನಕ್ಕೆ ಉಪಯೋಗವಾಯಿತಲ್ಲ, ಒಳ್ಳೆಯದೇ. ಅದಕ್ಕೆಲ್ಲ ಮನಸ್ಸು ಕೆಡಿಸಿಕೊಳ್ಳಬೇಡ.

ನಾನು ಆರಾಮಾಗಿದ್ದೇನೆ. ಮೊದಲು ನನ್ನ ಹತ್ತಿರ ಕೆಲಸ ಕಲಿತವನೇ ಈಗ ಅಳತೆ ತೆಗೆದು ಗುರುತು ಹಾಕಿಕೊಡುತ್ತಾನೆ. ನಾನು ಕೊಯ್ದು, ಉಜ್ಜಿ, ಬಣ್ಣ ಮಾಡುತ್ತೇನೆ. ಜವಾಬ್ದಾರಿ ಇಲ್ಲ, ನಿದ್ದೆ ಬರುತ್ತದೆ.

ಡಾಕ್ಟರಮ್ಮನ ಮನೆಯ ಮೆಟ್ಟಿಲು ಮುಗಿಯಿತು. ಬೇರೆ ಊರಿನಿಂದ ಬಂದವರು ಮಾಡಿದರು. ನೋಡಲು ಬನ್ನಿ ಅಂತ ಹೇಳಿಕಳಿಸಿದ್ದರು, ನಿನ್ನೆ ಬೆಳಗ್ಗೆ ಹೋಗಿದ್ದೆ. ಒಳ್ಳೆ ಮರ, ತಿರುವು ಚೆನ್ನಾಗಿ ತಂದಿದ್ದಾರೆ. ಹತ್ತಿದೆ, ಇಳಿದೆ. ಏಳನೇ ಮೆಟ್ಟಿಲಿನಲ್ಲಿ ಕಾಲು ತಡೆಯಿತು. ಉಳಿದವಕ್ಕಿಂತ ಎರಡು ನೂಲು ಎತ್ತರ ಅನ್ನಿಸಿತು. ಇನ್ನೊಮ್ಮೆ ಹತ್ತಿದೆ, ಆಗಲೂ ಅಲ್ಲೇ ತಡೆಯಿತು. ಮೊದಲಾಗಿದ್ದರೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅಳೆದು ಜಗಳ ತೆಗೆಯುತ್ತಿದ್ದೆ.

"ಹೇಗಿದೆ ಮೇಸ್ತ್ರಿ?" ಅಂತ ಡಾಕ್ಟರಮ್ಮ ಕೇಳಿದರು.

"ಚೆನ್ನಾಗಿದೆ" ಅಂದೆ.

ನನ್ನ ಕಾಲೇ ತಪ್ಪಿರಬೇಕು. ಅಷ್ಟೊತ್ತಿಗೆ ಅವರ ಮೊಮ್ಮಗಳು ಮೇಲಕ್ಕೆ ಓಡಿ ಹೋಗುವಾಗ ಅದೇ ಜಾಗದಲ್ಲಿ ಮುಗ್ಗರಿಸಿದಳು. ಮಕ್ಕಳೆಂದ ಮೇಲೆ ಎಡವುತ್ತವೆ.

ಚೆನ್ನಾಗಿ ಓದು. ಆಡು ಕೂಡ.

ಅಪ್ಪ


ನವೆಂಬರ್ 23, ಭಾನುವಾರ

ಅಪ್ಪಾ,

ಏಳನೇ ಮೆಟ್ಟಿಲು ಎತ್ತರವೇ ಇದೆ.

ಆ ಮನೆಯನ್ನು ನಾನು ನೋಡಿಲ್ಲ. ನೋಡಬೇಕಾಗಿಯೂ ಇಲ್ಲ. ನಿಮ್ಮ ಕಾಲು ಎರಡು ನೂಲು ಅಂದಿದ್ದರೆ ಅದು ಎರಡು ನೂಲೇ.

ನನ್ನನ್ನು ನಂಬಿ ಎಂದು ಕೇಳುವ ಮುಖ ನನಗಿಲ್ಲ. ನೀವು ನನ್ನನ್ನು ನಂಬಿದ್ದಕ್ಕೇ ಇಷ್ಟೆಲ್ಲ ಆಗಿದೆ. ಅದಕ್ಕೇ ಈ ಸಲ ನಂಬಬೇಡಿ. ನಾನು ಬರೆದದ್ದೆಲ್ಲ ಬದಿಗಿಡಿ, ಮೊದಲನೆಯದನ್ನೂ, ಆಮೇಲಿನದನ್ನೂ. ಟೇಪ್ ತೆಗೆದುಕೊಂಡು ಹೋಗಿ. ಆರನೆಯದನ್ನು ಅಳೆಯಿರಿ, ಏಳನೆಯದನ್ನು ಅಳೆಯಿರಿ. ಆ ಮಗು ಮತ್ತೆ ಓಡುವ ಮುಂಚೆ ಹೋಗಿ.

ಮಗಳು